ಒಸಡಿನೊಳಗಿನ ನಗಾರಿ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ನನ್ನ ಪಾಲಿನ ಕಷ್ಟ ಕಡಲೆಯದಲ್ಲ, ಅಕ್ಷರದ್ದು. ತ, ಥ, ದ, ಧ, ನ ಇವು ದಂತ್ಯಗಳು, ನಾಲಗೆಯ ತುದಿ ಹಲ್ಲಿಗೆ ತಾಗಿ ಹುಟ್ಟುವಂಥವು ಎಂದು ಹುಡುಗರಿಗೆ ಹೇಳುತ್ತ ಬಂದವನು ನಾನು. ಹೋದ ವರ್ಷ ನನ್ನ ಮುಂದಿನ ಎರಡು ಹಲ್ಲು ಬಿದ್ದವು. ಮರುದಿನ ತರಗತಿಯಲ್ಲಿ ಸಕಾರ ಸೀಟಿಯಾಗಿ ಹೊರಟಿತು, ಹುಡುಗರು ನಕ್ಕರು. ಸೋಜಿಗವೆಂದರೆ, ಆ ಹಲ್ಲುಗಳಲ್ಲಿ ಹುಳುಕಿನ ಚುಕ್ಕೆಯೂ ಇರಲಿಲ್ಲ. ಗಟ್ಟಿ ಹಲ್ಲು ಹಿಡಿತ ತಪ್ಪಿದ್ದೇಕೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಈ ಜೋಳದ ಸೀಮೆಯಲ್ಲಿ ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವ ಹಿರಿಯರನ್ನು ಕಂಡಾಗ, 'ವಯಸ್ಸಾಯಿತು' ಎಂದು ಸುಮ್ಮನಾಗುತ್ತೇವೆ. ವಯಸ್ಸಿನ ಮೇಲೆ ಹೊರಿಸುವ ಈ ಅಪರಾಧ ಬಹುಮಟ್ಟಿಗೆ ಒಸಡಿನ ರೋಗದ್ದು.

ಕಿತ್ತೂರಿನಂಥ ಒಂದು ಕೋಟೆಯನ್ನು ಕಲ್ಪಿಸಿಕೊಳ್ಳಿರಿ. ಶತ್ರು ಬಂದಾಗ ಕಾವಲುಗಾರ ನಗಾರಿ ಬಾರಿಸುತ್ತಾನೆ, ಸೈನಿಕರು ಓಡಿಬರುತ್ತಾರೆ. ಹಲ್ಲಿನ ಬುಡದ ಪಾಚಿಯಲ್ಲಿ ರೋಗಾಣುಗಳು ಸೇರಿದಾಗ ನಮ್ಮ ದೇಹವೂ ಹೀಗೆಯೇ ನಗಾರಿ ಬಾರಿಸುತ್ತದೆ. ಈ ಸಂಜ್ಞೆಯ ಅಣುಗಳಿಗೆ ಸೈಟೊಕೈನ್‌ಗಳೆಂದು ಹೆಸರು; ಇಂಟರ್‌ಲ್ಯೂಕಿನ್-1 ಅವುಗಳಲ್ಲಿ ಮುಖ್ಯವಾದುದು. ಕರೆ ಕೇಳಿ ರಕ್ತದಿಂದ ಬಿಳಿಯ ಕಣಗಳು ಧಾವಿಸುತ್ತವೆ. ಒಸಡು ಕೆಂಪಾಗಿ ಬಾಯುತ್ತದೆ, ಮುಟ್ಟಿದರೆ ರಕ್ತ ಒಸರುತ್ತದೆ. ಇಲ್ಲಿಯವರೆಗೆ ಇದು ರಕ್ಷಣೆಯೇ.

ಆದರೆ ಪಾಚಿ ಅಲ್ಲಿಯೇ ಉಳಿದರೆ ನಗಾರಿ ನಿಲ್ಲುವುದಿಲ್ಲ. ಒಸಡಿನಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳಿವೆ. ಕೊಲಾಜೆನ್ ಎಂಬ ನಾರನ್ನು ನೇಯ್ದು ಒಸಡಿಗೆ ಬಿಗಿ ಕೊಡುವ ನೇಕಾರರು ಅವು. ಎಡೆಬಿಡದ ಕರೆಗೆ ಅವೂ ಓಗೊಡುತ್ತವೆ. ನೂಲುವ ಕೈಯಿಂದಲೇ ಕತ್ತರಿ ಹಿಡಿದಂತೆ, ಕೊಲಾಜೆನ್ನನ್ನು ತುಂಡರಿಸುವ ಕಿಣ್ವಗಳನ್ನು ಸುರಿಸುತ್ತವೆ. ತಾವೂ ಇಂಟರ್‌ಲ್ಯೂಕಿನ್-6ನ್ನು ಹೊರಡಿಸಿ ಸದ್ದನ್ನು ಹೆಚ್ಚಿಸುತ್ತವೆ. ಕೊನೆಗೆ ಎಲುಬನ್ನು ಕರಗಿಸುವ ಕೋಶಗಳೂ ಎಚ್ಚರಗೊಳ್ಳುತ್ತವೆ. ಶತ್ರುವನ್ನು ಹೊಡೆಯಲು ಹೊರಟವರು ತಮ್ಮ ಕೋಟೆಯ ಗೋಡೆಯನ್ನೇ ಕೆಡವಿದಂತಾಗುತ್ತದೆ. ಹೀಗೆ ಕರಗಿದ ಎಲುಬು ತಾನಾಗಿ ಮರಳಿ ಬೆಳೆಯದು.

ನನ್ನ ತಪ್ಪನ್ನೂ ಹೇಳಬೇಕು. ರಕ್ತ ಬರುವುದೆಂದು ಅಂಜಿ ಆ ಜಾಗದಲ್ಲಿ ಹಲ್ಲುಜ್ಜುವುದನ್ನೇ ಬಿಟ್ಟಿದ್ದೆ. ಮಾಡಬೇಕಾದುದು ಇದಕ್ಕೆ ತದ್ವಿರುದ್ಧ. ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತರಾದ 12 ಜನರು ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಬಾತಿತು. ಮತ್ತೆ ಉಜ್ಜತೊಡಗಿದೊಡನೆ ಕೆಲವೇ ದಿನಗಳಲ್ಲಿ ಗುಣವಾಯಿತು. ಪಾಚಿ ಹೋದರೆ ನಗಾರಿ ನಿಲ್ಲುತ್ತದೆ. ಎಲುಬು ಕರಗುವ ಮೊದಲು ನಿಲ್ಲಿಸಬೇಕು, ಅಷ್ಟೇ.

ಆದುದರಿಂದ ದಿನಕ್ಕೆರಡು ಸಲ ಮೆತ್ತಗಿನ ಬ್ರಷ್ಷಿನಿಂದ ಒಸಡಿನ ಅಂಚಿನವರೆಗೆ ಉಜ್ಜಿರಿ. ಗಾರೆಯಂತೆ ಗಟ್ಟಿಯಾದ ಪಾಚಿ ಬ್ರಷ್ಷಿಗೆ ಜಗ್ಗದು. ಅದನ್ನು ದಂತವೈದ್ಯರೇ ತೆಗೆಯಬೇಕು. ಅದರಿಂದ ಹಲ್ಲು ಸಡಿಲವಾಗುತ್ತದೆಂಬುದು ಬರಿಯ ಅಂಜಿಕೆ. ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲು ತಿಕ್ಕುವ ತಾಯಂದಿರು ಅದನ್ನು ಬಿಡಬೇಕು. ಬೀಡಿ ಸೇದುವವರಲ್ಲಿ ರಕ್ತ ಕಡಿಮೆ ಬರುತ್ತದೆ. ಅದು ಆರೋಗ್ಯವಲ್ಲ, ರೋಗದ ಮುಸುಕು. ಸಕ್ಕರೆ ಕಾಯಿಲೆಯವರಿಗಂತೂ ಎರಡು ಪಟ್ಟು ಎಚ್ಚರ ಬೇಕು. ಆ ಕಾಯಿಲೆ ಒಸಡನ್ನು ಕೆಡಿಸುತ್ತದೆ, ಕೆಟ್ಟ ಒಸಡು ಆ ಕಾಯಿಲೆಯನ್ನು ಹೆಚ್ಚಿಸುತ್ತದೆ.

ಈ ಮಾತುಗಳನ್ನು ನಾನು ಕಟ್ಟಿಸಿಕೊಂಡ ಹಲ್ಲಿನಿಂದ ಆಡಿದ್ದೇನೆ. ದಂತ್ಯಗಳು ನಿಮಗೆ ಸ್ಪಷ್ಟವಾಗಿ ಕೇಳಿಸಿದ್ದರೆ ಆ ಯಶಸ್ಸು ವೈದ್ಯರದು. ನಿಮ್ಮ ಹಲ್ಲು ನಿಮ್ಮವೇ ಆಗಿ ಉಳಿಯಲಿ. ನಾಳೆ ಬೆಳಿಗ್ಗೆ ಉಗುಳಿನಲ್ಲಿ ಕೆಂಪು ಕಂಡರೆ, ಒಳಗೆ ನಗಾರಿ ಬಾರಿಸುತ್ತಿದೆಯೆಂದು ತಿಳಿಯಿರಿ.