ತಪ್ಪು ಒಂದು, ಹೇಳಿಕೆ ಇನ್ನೊಂದು

ವ್ಯಾಕರಣ ಕಲಿಸುವವರಿಗೆ 'ಅವನಾಡಿದನು' ಎಂಬ ಮಾತು ಪರಿಚಿತವಾದೊಂದು ತೊಡಕನ್ನು ಒಡ್ಡುತ್ತದೆ. ಬಿಡಿಸಿ ಬರೆಯಿರಿ ಎಂದರೆ ತರಗತಿಯಲ್ಲಿ ಯಾರಾದರೊಬ್ಬರು 'ಅವನ + ಆಡಿದನು' ಎಂದು ಬರೆಯುತ್ತಾರೆ. ಬರೆದ ಮೇಲೆ ಅವರಿಗೇ ಸಂಶಯ ಹುಟ್ಟುತ್ತದೆ. 'ಅವನ' ಎಂಬುದು ಷಷ್ಠೀ ವಿಭಕ್ತಿ. 'ಆಡಿದನು' ಎಂಬ ಕ್ರಿಯೆಗೆ ಬೇಕಾದುದು ಪ್ರಥಮಾ ವಿಭಕ್ತಿಯ ಕರ್ತೃಪದ. ಆದ್ದರಿಂದ 'ಇಲ್ಲಿ ವಿಭಕ್ತಿ ದೋಷವಿದೆ' ಎಂಬ ತೀರ್ಪು ಹೊರಡುತ್ತದೆ. ವಾಕ್ಯದಲ್ಲಾದರೋ ಯಾವ ದೋಷವೂ ಇಲ್ಲ. 'ಅವನು + ಆಡಿದನು' ಎಂದು ಬಿಡಿಸಿ, ನಡುವಿನ ಉಕಾರ ಲೋಪವಾಯಿತೆಂದು ತಿಳಿದರೆ ಎಲ್ಲವೂ ಹೊಂದಿಕೊಳ್ಳುತ್ತದೆ. ದೋಷವಿದ್ದುದು ಬಿಡಿಸಿದ ರೀತಿಯಲ್ಲಿ. ಅದು ಕಾಣಿಸಿಕೊಂಡದ್ದು ವಿಭಕ್ತಿಯಲ್ಲಿ.

ನಾನು ಇಂದು ಮಾತನಾಡಬೇಕೆಂದಿರುವುದು ಇದೇ ಬಗೆಯ ಒಂದು ತೊಡಕನ್ನು ಕುರಿತು. ಆದರೆ ಅದು ಕಂಪ್ಯೂಟರಿನ ದತ್ತಾಂಶ ಕೋಶಕ್ಕೆ, ಅಂದರೆ ಡೇಟಾಬೇಸಿಗೆ ಸಂಬಂಧಿಸಿದ್ದು. ಕನ್ನಡ ಎಂ.ಎ. ಮಾಡಿ, ಪಾಠ ಹೇಳಿ ನಿವೃತ್ತನಾದವನಿಗೆ ಅಲ್ಲೇನು ಕೆಲಸ ಎಂದು ಕೇಳುಗರಿಗೆ ಅನ್ನಿಸಬಹುದು. ಕೆಲಸ ಬಂದದ್ದು ಹೊಲಗಳ ಹೆಸರಿನ ದೆಸೆಯಿಂದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ಹೊಲದ ಹೆಸರುಗಳನ್ನು ನಾನು ಕೆಲವು ವರ್ಷಗಳಿಂದ ಕೂಡಿಸುತ್ತಿದ್ದೇನೆ. ಈಚೆಗೆ ಇವುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂದು ಹೊಸ ತಾಲ್ಲೂಕುಗಳು ಒಡೆದಿವೆ. ನಾನು ಹಳೆಯ ಎಲ್ಲೆಯನ್ನೇ ಇಟ್ಟುಕೊಂಡಿದ್ದೇನೆ. ಬನ್ನಿಗಿಡದ ಹೊಲ, ಹುಣಸಿಗಿಡದ ಪಟ್ಟಿ, ಮಡ್ಡಿ ಹೊಲ ಎಂದು ಜನ ಕರೆಯುವ ಹೆಸರು ಒಂದು ಕಡೆ, ಸರ್ಕಾರದ ಸರ್ವೆ ನಂಬರು ಇನ್ನೊಂದು ಕಡೆ. ಇವೆರಡನ್ನೂ ಜೋಡಿಸಿ ಕಂಪ್ಯೂಟರಿನಲ್ಲಿ ಇಡಲು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನೆರವಾಗುತ್ತಿದ್ದಾಳೆ.

ನಮ್ಮ ಸೀಮೆಯಲ್ಲಿ ಸರ್ವೆ ನಂಬರು ಬರಿಯ ಸಂಖ್ಯೆಯಲ್ಲ. ಹನ್ನೆರಡನೆಯ ನಂಬರಿನ ಹೊಲ ಅಣ್ಣತಮ್ಮಂದಿರಲ್ಲಿ ಪಾಲಾದರೆ ಮೂರನೆಯ ಹಿಸ್ಸೆಯನ್ನು 12/3 ಎಂದು ಬರೆಯುತ್ತಾರೆ. ಆ ಹಿಸ್ಸೆಯೂ ಒಡೆದರೆ 12/3ಅ, 12/3ಬ ಆಗುತ್ತದೆ. ನಡುವಿನ ಓರೆಗೆರೆ ಒಂದು ಮನೆತನದ ಪಾಲುಪಟ್ಟಿಯ ಗುರುತು. ಅದಕ್ಕೂ ಭಾಗಾಕಾರಕ್ಕೂ ಸಂಬಂಧವಿಲ್ಲ. ಇಂಡಿಯ ಉತ್ತರದ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರೆ ಜಮೀನಿನ ಉತಾರಕ್ಕೆ ಹೆಸರೇ 'ಸಾತ್‌ಬಾರಾ', ಅಂದರೆ 7/12. ಗ್ರಾಮದ ಏಳನೆಯ ಮತ್ತು ಹನ್ನೆರಡನೆಯ ನಮೂನೆಗಳು ಸೇರಿದ ಕಾಗದ ಅದು. ಏಳನ್ನು ಹನ್ನೆರಡರಿಂದ ಭಾಗಿಸಿ ಪೂರ್ಣಾಂಕವನ್ನಷ್ಟೇ ಉಳಿಸಿಕೊಂಡರೆ ಸೊನ್ನೆ ಬರುತ್ತದೆಂದು ಅಲ್ಲಿಯ ರೈತನಿಗೆ ಹೇಳಿ ನೋಡಬೇಕು!

ಕಂಪ್ಯೂಟರು ಮಾಡುವುದು ಅದನ್ನೇ. ದತ್ತಾಂಶ ಕೋಶವನ್ನು ಪ್ರಶ್ನೆ ಕೇಳಲು ಒಂದು ಭಾಷೆಯಿದೆ. 1970ರಲ್ಲಿ ಎಡ್ಗರ್ ಕಾಡ್ ಎಂಬ ವಿದ್ವಾಂಸರು ಮಂಡಿಸಿದ ತತ್ತ್ವದ ಮೇಲೆ, 1974ರಲ್ಲಿ ಐಬಿಎಂ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದನ್ನು ಪ್ರಕಟಿಸಿದರು. ಇಂದು ಎಸ್‌ಕ್ಯೂಎಲ್ ಎಂದು ಕರೆಯುವುದು ಅದನ್ನೇ. ಈ ಭಾಷೆಯಲ್ಲಿ ಬರೆದ ಪ್ರಶ್ನೆಯನ್ನು ಮೊದಲು ಪಾರ್ಸರ್ ಎಂಬ ಭಾಗ ಓದುತ್ತದೆ. ಪಾರ್ಸರ್ ಮಾಡುವ ಕೆಲಸಕ್ಕೆ ನಮ್ಮಲ್ಲಿ ಹಳೆಯ ಹೆಸರುಗಳೇ ಇವೆ: ಪದಚ್ಛೇದ ಮತ್ತು ಅನ್ವಯ. ಆಮೇಲೆ ಒಂದೊಂದು ಪದದ 'ಟೈಪ್' ಏನೆಂದು ಪರೀಕ್ಷೆಯಾಗುತ್ತದೆ. ಟೈಪ್ ಎಂಬುದಕ್ಕೆ ಜಾತಿ ಎನ್ನಲು ನನಗೆ ಮನಸ್ಸಿಲ್ಲ, ಬಗೆ ಎನ್ನೋಣ. ಅಕ್ಷರಗಳ ಬಗೆ ಒಂದು, ಸಂಖ್ಯೆಯ ಬಗೆ ಒಂದು, ದಿನಾಂಕದ ಬಗೆ ಒಂದು. ಕರ್ತೃವಿಗೂ ಕ್ರಿಯೆಗೂ ಲಿಂಗ ವಚನಗಳು ಹೊಂದಬೇಕಾದಂತೆ ಎಡಬಲದ ಬಗೆಗಳು ಇಲ್ಲಿ ಹೊಂದಬೇಕು.

ಒಂದು ದಿನ ನಮಗೆ ಒಂದೂರಿನ 12/3ನೆಯ ಹೊಲದ ಹೆಸರು ಬೇಕಾಗಿತ್ತು. ಕೋಶದಲ್ಲಿ ಸರ್ವೆ ನಂಬರಿನ ಕಾಲಮ್ಮು ಅಕ್ಷರಗಳ ಬಗೆಯದು, ಹಾಗೆಯೇ ಇರಬೇಕಾದದ್ದು. ಪ್ರಶ್ನೆಯಲ್ಲಿ 12/3 ಎಂಬುದರ ಎರಡು ಮಗ್ಗುಲಿಗೆ ಉದ್ಧರಣ ಚಿಹ್ನೆ ಬಿದ್ದಿರಲಿಲ್ಲ. ಚಿಹ್ನೆಯಿಲ್ಲದ್ದರಿಂದ ಯಂತ್ರ ಅದನ್ನು ಹನ್ನೆರಡು, ಭಾಗಾಕಾರ, ಮೂರು ಎಂದು ಬಿಡಿಸಿತು. ಅದರ ಫಲ ಸಂಖ್ಯೆ; ಎಡಕ್ಕಿರುವುದು ಅಕ್ಷರ. ತೆರೆಯ ಮೇಲೆ ಬಂದ ಮಾತಿನ ಅರ್ಥ ಇಷ್ಟು: 'ಅಕ್ಷರ ಮತ್ತು ಪೂರ್ಣಾಂಕ ಇವುಗಳ ನಡುವೆ ಸಮಚಿಹ್ನೆ ನಡೆಯದು. ಬಗೆಯನ್ನು ನೀವೇ ಬದಲಿಸಿಕೊಳ್ಳಬೇಕಾದೀತು.' ಬಾಣದ ಗುರುತು ನಿಂತಿದ್ದುದು ಸಮಚಿಹ್ನೆಯ ಕೆಳಗೆ. ಅದರಲ್ಲಿ ಯಾವ ತಪ್ಪೂ ಇರಲಿಲ್ಲ.

ವಿದ್ಯಾರ್ಥಿನಿ ಹೇಳಿದಂತೆ ಕೇಳುವವಳು. ಯಂತ್ರದ ಸಲಹೆಯಂತೆ ಬಲಗಡೆಯದನ್ನು ಅಕ್ಷರದ ಬಗೆಗೆ ಬದಲಿಸಿದಳು. ಯಂತ್ರ ಸುಮ್ಮನಾಯಿತು, ಉತ್ತರವೂ ಬಂತು.

"ಸರ್, ತಪ್ಪು ಅನ್ನೂದು ನಿಂತೈತ್ರಿ. ಆದ್ರ ಹೊಲ ಬ್ಯಾರೆ ಬಂದೈತ್ರಿ," ಎಂದಳು.

ಬಂದದ್ದು ಹಳ್ಳದ ದಂಡೆಯ ಹೊಲ, ನಂಬರು 4. ಹನ್ನೆರಡನ್ನು ಮೂರರಿಂದ ಭಾಗಿಸಿ, ಬಂದ ನಾಲ್ಕನ್ನು ಅಕ್ಷರವಾಗಿಸಿ, ಆ ಹೆಸರಿನ ಹೊಲವನ್ನು ಯಂತ್ರ ಪ್ರಾಮಾಣಿಕವಾಗಿ ಹುಡುಕಿ ಕೊಟ್ಟಿತ್ತು. ಆ ಊರಿನ ಹೊಲಗಳನ್ನು ಬಲ್ಲವಳಾದ್ದರಿಂದ ಅವಳಿಗೆ ತಿಳಿಯಿತು. ಬಲ್ಲವರಲ್ಲದಿದ್ದರೆ?

ಬರಿಯ ಹೊಲದ ಹೆಸರಾದರೆ ನಷ್ಟವೇನೂ ಇಲ್ಲ. ಆದರೆ ನಮ್ಮ ಕಡೆ ಸರ್ವೆ ನಂಬರಿನ ಪಟ್ಟಿಗಳೆಂದರೆ ಅನ್ನದ ಪ್ರಶ್ನೆ. ಆಲಮಟ್ಟಿಯ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯನ್ನು ಕೇಳುಗರು ಬಲ್ಲರು. ಹಿನ್ನೀರಿಗೆ ಹೋಗುವ ಹೊಲ ಯಾವುದು, ಉಳಿಯುವುದು ಯಾವುದು, ಪರಿಹಾರ ಯಾರಿಗೆ ಎಂಬುದೆಲ್ಲ 12/3, 12/4 ಎಂಬ ಗುರುತುಗಳ ಮೇಲೆ ನಿಂತಿರುತ್ತದೆ. ಅಂಥ ಪಟ್ಟಿಯನ್ನು ಯಾರೋ ತಮ್ಮ ಅನುಕೂಲಕ್ಕೆ ಒಂದೇ ಕಾಲಮ್ಮಿನಲ್ಲಿ ಬರೆದಿಟ್ಟುಕೊಂಡು, ಯಂತ್ರದ ಸಲಹೆಯಂತೆ 'ತಿದ್ದಿ'ದರೆ ಒಬ್ಬನ ಹೊಲದ ಜಾಗದಲ್ಲಿ ಇನ್ನೊಬ್ಬನ ಹೊಲ ಬಂದು ಕೂರುತ್ತದೆ. ಯಾವ ಕಚೇರಿಯಲ್ಲಾದರೂ ಹೀಗಾಗಿದೆ ಎಂದು ನಾನು ಹೇಳುತ್ತಿಲ್ಲ. ಕರ್ನಾಟಕದ ಭೂಮಿ ಯೋಜನೆಯಲ್ಲಿ ಈ ವಿಷಯದಲ್ಲಿ ವಿವೇಕ ತೋರಿದ್ದಾರೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದ ಆ ಯೋಜನೆಯಲ್ಲಿ ಪಹಣಿ ಹುಡುಕಹೊರಟವರು ಸರ್ವೆ ನಂಬರನ್ನು ಒಂದು ಮನೆಯಲ್ಲಿ, ಹಿಸ್ಸಾ ನಂಬರನ್ನು ಇನ್ನೊಂದು ಮನೆಯಲ್ಲಿ ಕೊಡುತ್ತಾರೆ. ಓರೆಗೆರೆಯ ಗೊಡವೆಯೇ ಅಲ್ಲಿಲ್ಲ.

ಬೇರೆ ಬೇರೆ ಯಂತ್ರವ್ಯವಸ್ಥೆಗಳು ಇಂಥ ಪ್ರಶ್ನೆಗೆ ಹೇಗೆ ಉತ್ತರ ಕೊಡುತ್ತವೆ ಎಂಬುದು ಸ್ವಾರಸ್ಯವಾಗಿದೆ. ಮೈಕ್ರೋಸಾಫ್ಟಿನ ಆಕ್ಸೆಸ್ 'ಷರತ್ತಿನಲ್ಲಿ ಬಗೆ ಹೊಂದುತ್ತಿಲ್ಲ' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಷರತ್ತುಗಳು ಐದಿದ್ದರೆ ಯಾವುದರಲ್ಲಿ ಎಂದು ಹೇಳುವುದಿಲ್ಲ. ಅದೇ ಸಂಸ್ಥೆಯ ಎಸ್‌ಕ್ಯೂಎಲ್ ಸರ್ವರ್ ಎಡಗಡೆಯ ಅಕ್ಷರಗಳನ್ನೇ ಸಂಖ್ಯೆಯಾಗಿಸಲು ಹೊರಡುತ್ತದೆ. ದಾರಿಯಲ್ಲಿ '7/1' ಎಂಬ ಹೊಲ ಸಿಕ್ಕಿದರೆ '7/1 ಎಂಬುದನ್ನು ಪೂರ್ಣಾಂಕವಾಗಿ ಬದಲಿಸಲು ಆಗಲಿಲ್ಲ' ಎಂದು ದೂರುತ್ತದೆ. ಪ್ರಶ್ನೆ ಕೇಳಿದ್ದು 12/3ನ್ನು. ಆರೋಪ ಹೊತ್ತದ್ದು ಪಾಪ, ದಾರಿಯಲ್ಲಿ ಕುಳಿತಿದ್ದ 7/1. ಸರಿಯಾಗಿರುವ ಆ ದಾಖಲೆಯನ್ನು ತಿದ್ದಲು ಯಾರಾದರೂ ಕೈಹಾಕಿದರೆ ಆಶ್ಚರ್ಯವಿಲ್ಲ. ಮೈಎಸ್‌ಕ್ಯೂಎಲ್ ಇನ್ನೂ ಸೌಜನ್ಯಶಾಲಿ. ಅದು ಕೇಳಿದ್ದನ್ನು ತಡೆಯದೆ ಅಕ್ಷರದ ಮೊದಲ ಅಂಕಿಗಳನ್ನು ಕಿತ್ತುಕೊಂಡು 4, 4/1, 4/2 ಎಲ್ಲವನ್ನೂ ತಂದು ಸುರಿಯುತ್ತದೆ. ಮೂರರಲ್ಲಿ ಈ ಸೌಜನ್ಯವೇ ನನಗೆ ಹೆಚ್ಚು ಭಯ ಹುಟ್ಟಿಸುವಂಥದು.

ಈ ಭಯ ನನ್ನೊಬ್ಬನದಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ವ್ಯವಸ್ಥೆ 2008ರಲ್ಲಿ ತನ್ನ 8.3ನೆಯ ಆವೃತ್ತಿಯಲ್ಲಿ ಒಂದು ಕಠಿಣ ನಿರ್ಧಾರ ಮಾಡಿತು. ಅದಕ್ಕೆ ಮೊದಲು ಅದೂ ಬಗೆಗಳನ್ನು ತಾನಾಗಿ ಅಕ್ಷರವಾಗಿಸಿ ಹೋಲಿಸುತ್ತಿತ್ತು. ಇಂದಿನ ದಿನಾಂಕ 2017-11-17ಕ್ಕಿಂತ ಹಿಂದಿನದೇ ಎಂದು ಉದ್ಧರಣ ಚಿಹ್ನೆಯಿಲ್ಲದೆ ಕೇಳಿದರೆ, ಅಲ್ಲಿರುವುದು ವ್ಯವಕಲನ: 2017ರಿಂದ ಹನ್ನೊಂದು ಕಳೆದು, ಹದಿನೇಳು ಕಳೆದು, 1989. ದಿನಾಂಕಕ್ಕೂ 1989ಕ್ಕೂ ಅಕ್ಷರಗಳ ಹೋಲಿಕೆ ನಡೆದು ಏನೋ ಒಂದು ಉತ್ತರ ಬರುತ್ತಿತ್ತು. ಇನ್ನು ಮುಂದೆ ಇದನ್ನು ಬಗೆ ಹೊಂದದ ತಪ್ಪೆಂದು ತಿರಸ್ಕರಿಸುತ್ತೇವೆ ಎಂದು ಅವರು ಆ ಆವೃತ್ತಿಯ ಟಿಪ್ಪಣಿಯಲ್ಲಿ ಇದೇ ಉದಾಹರಣೆ ಕೊಟ್ಟು ಬರೆದರು. ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ವಿಭಕ್ತಿ ಪಲ್ಲಟವನ್ನು, ಅಂದರೆ ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬರುವುದನ್ನು ಒಪ್ಪುತ್ತಾನೆ. ಹಾಗೆಂದು ಎಲ್ಲೆಂದರಲ್ಲಿ ಪಲ್ಲಟವಾದರೆ ಭಾಷೆ ಉಳಿಯುವುದಿಲ್ಲ. ತಿರಸ್ಕರಿಸಿದ್ದು ಸರಿ. ಉಳಿದದ್ದು ಹೇಳಿಕೆಯ ಪ್ರಶ್ನೆ: ತಿರಸ್ಕರಿಸುವಾಗ ಏನೆಂದು ಹೇಳಬೇಕು?

ಇಲ್ಲಿ ಗ್ರಂಥ ಸಂಪಾದನೆಯ ಮಾತನ್ನು ತರುತ್ತೇನೆ. ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ಅವರ ಮತ್ತು ಇತರ ಶರಣರ ವಚನಗಳನ್ನು ಓಲೆಪ್ರತಿಗಳಿಂದ ಎತ್ತಿ, ವಿಜಯಪುರದಲ್ಲಿ ಕುಳಿತು ಮುದ್ರಣಕ್ಕೆ ತಂದವರು ಫ.ಗು. ಹಳಕಟ್ಟಿಯವರು, ಅವರ ವಚನಶಾಸ್ತ್ರಸಾರ 1923ರಲ್ಲಿ ಬಂತು. ಓಲೆಯಲ್ಲಿ ಪದಗಳ ನಡುವೆ ಜಾಗವಿಲ್ಲ. ಬಿಡಿಸುವುದೆಲ್ಲ ಸಂಪಾದಕನ ಹೊಣೆ. ತಪ್ಪಾಗಿ ಬಿಡಿಸಿಕೊಂಡವನಿಗೆ ಲಿಪಿಕಾರನೇ ತಪ್ಪಿದಂತೆ ಕಾಣುತ್ತದೆ. ನಿರಪರಾಧಿಯಾದ ಒಂದಕ್ಷರವನ್ನು ತಿದ್ದಿ ಹಾಕುತ್ತಾನೆ. ಆದ್ದರಿಂದಲೇ ಒಳ್ಳೆಯ ಸಂಪಾದಕರು ತಿದ್ದುವ ಮುನ್ನ ಮೂಲಪ್ರತಿಯ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ಪ್ರತಿಯಲ್ಲಿ ಇದ್ದದ್ದು ಇದು, ನಾನು ಓದಿಕೊಂಡದ್ದು ಹೀಗೆ, ಎಂದು.

ಯಂತ್ರಕ್ಕೂ ಇಷ್ಟೇ ಕಲಿಸಬೇಕಾಗಿದೆ, ಅದು ಅಸಾಧ್ಯವೂ ಅಲ್ಲ. ಬಗೆಯ ಪರೀಕ್ಷೆ ನಡೆಯುವ ಹೊತ್ತಿಗೆ ಪಾರ್ಸರ್ ಕಟ್ಟಿದ ಅನ್ವಯದ ಮರ ಹಾಗೆಯೇ ನಿಂತಿರುತ್ತದೆ. ಪೂರ್ಣಾಂಕವೆಂಬ ಬಗೆ ಎಲ್ಲಿಂದ ಬಂತು, ಚಿಹ್ನೆಯಿಲ್ಲದ ಎರಡು ಅಂಕಿಗಳ ನಡುವಿನ ಓರೆಗೆರೆಯಿಂದ ಬಂತು, ಎಂಬುದು ಆ ಮರದಲ್ಲೇ ಇದೆ. ಒಂದೊಂದು ಕೊಂಬೆಗೂ ಮೂಲಪ್ರಶ್ನೆಯಲ್ಲಿ ತನ್ನ ಸ್ಥಾನ ಎಲ್ಲಿತ್ತೆಂಬ ಗುರುತು ಕಟ್ಟಿಟ್ಟರೆ, ಬಾಣವನ್ನು ಸಮಚಿಹ್ನೆಗೆ ಬದಲು 12/3ರ ಕೆಳಗೆ ನಿಲ್ಲಿಸಬಹುದು. ಇನ್ನೊಂದು ಮಾತು: ಒಂದು ಕೊಂಬೆ ಕೆಟ್ಟಿದೆಯೆಂದು ತಿಳಿದ ಮೇಲೆ ಅದನ್ನು 'ದೋಷಪದ'ವೆಂದು ಗುರುತಿಸಿ, ಅದರ ಮೇಲಿನವುಗಳನ್ನೆಲ್ಲ ಬೈಯುತ್ತ ಹೋಗಬಾರದು. ಹಲವು ಪಾರ್ಸರುಗಳಲ್ಲಿ ಒಂದು ತಪ್ಪಿಗೆ ಹತ್ತು ದೂರು ಬರುವುದು ಈ ಸಂಯಮವಿಲ್ಲದ್ದರಿಂದ. ಇನ್ನು, ಸಂಶಯವಿರುವಲ್ಲಿ ಒಂದೇ ಸಲಹೆ ಕೊಡುವುದು ಬಹಳ ಅಪಾಯ.

ಪಾಣಿನಿಯೇ ಕಂಪ್ಯೂಟರನ್ನು ಕಂಡಿದ್ದ ಎಂಬ ಸಭೆಯ ಮಾತುಗಳು ನನಗೆ ಹಿಡಿಸುವುದಿಲ್ಲ. ಆದರೆ ಯಂತ್ರಭಾಷೆಗಳ ವ್ಯಾಕರಣ ಬರೆಯುವ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಇಂಗರ್‌ಮನ್ ಎಂಬವರು ಸೂಚಿಸಿದ್ದುಂಟು. ಸಂಬಂಧವಿದೆ. ಸೂತ್ರ ಬರೆಯುವುದನ್ನು ಅವರು ನಮ್ಮವರಿಂದ ಮೆಚ್ಚಿಕೊಂಡರು. ತಪ್ಪನ್ನು ತಿಳಿಸಿ ಹೇಳುವ ಮೇಷ್ಟರ ಕೆಲಸವನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲವೆಂದು ತೋರುತ್ತದೆ.

ಭಾಷೆಯ ಅಡ್ಡಿ ಬೇರೆ ಇದೆ. 'ಟೈಪ್ ಮಿಸ್‌ಮ್ಯಾಚ್' ಎಂಬ ಇಂಗ್ಲಿಷ್ ಮಾತನ್ನು ನಮ್ಮ ಹುಡುಗರು 'ಟೈಪ್ ಮಾಡಿದ್ದು ತಪ್ಪಾಗಿದೆ' ಎಂದು ಅರ್ಥ ಮಾಡಿಕೊಳ್ಳುವುದನ್ನು ಕಂಡಿದ್ದೇನೆ. ಅದೇ ಸಾಲನ್ನು ಮೂರು ಸಲ ಎಚ್ಚರದಿಂದ ಬೆರಳಚ್ಚು ಮಾಡಿ, ಮೂರು ಸಲವೂ ಬೈಸಿಕೊಂಡು, ಕೀಲಿಮಣೆ ಕೆಟ್ಟಿದೆಯೆಂದು ತೀರ್ಮಾನಿಸುತ್ತಾರೆ. ಅವರನ್ನು ನೋಡಿ ನಗುವುದಕ್ಕೆ ಕಾರಣವಿಲ್ಲ. ಅದು ಆ ಪದಕ್ಕಿರುವ ಅರ್ಥಗಳಲ್ಲಿ ಒಂದು, ಅವರಿಗೆ ಗೊತ್ತಿರುವ ಅರ್ಥ.

ಈಗ ನಮ್ಮ ಪಟ್ಟಿಗೆ ವಿದ್ಯಾರ್ಥಿನಿ ಒಂದು ಸಣ್ಣ ಬಾಗಿಲು ಕಟ್ಟಿದ್ದಾಳೆ. ಪ್ರಶ್ನೆ ಯಂತ್ರಕ್ಕೆ ತಲುಪುವ ಮುನ್ನ ಅಲ್ಲಿ ನಿಂತು ಹೋಗಬೇಕು. ಅಲ್ಲಿ ಕಾಣುವ ಮಾತನ್ನು ನಾವಿಬ್ಬರೂ ಕೂತು ಕನ್ನಡದಲ್ಲಿ ಬರೆದೆವು: 'ಸರ್ವೆ ನಂಬರಿನ ಕಾಲಮ್ಮಿನಲ್ಲಿ ಅಕ್ಷರಗಳಿವೆ. ನೀವು ಬರೆದ 12/3ನ್ನು ಭಾಗಾಕಾರವೆಂದು ಓದಿದ್ದೇನೆ. ಹಿಸ್ಸಾ ಎಂದಾದರೆ ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿರಿ. ಭಾಗಾಕಾರವೇ ಬೇಕಾದರೆ ಹಾಗೆಂದು ತಿಳಿಸಿರಿ.' ಸಾಲು ಉದ್ದವಾಯಿತೆಂದು ಅವಳ ಆಕ್ಷೇಪಣೆ. ನಾನು ಒಂದು ಪದವನ್ನೂ ಬಿಡಲು ಒಪ್ಪಲಿಲ್ಲ.

12/3ಅ ಎಂಬಂಥ ಹಿಸ್ಸೆಗಳ ಕತೆ ಬೇರೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಹಿಂದೆ ಇಂಥಲ್ಲಿ ಅಂಕಿಯನ್ನು ಒಂದು ಪದವಾಗಿ, ಅದಕ್ಕೆ ಅಂಟಿದ ಅಕ್ಷರವನ್ನು ಇನ್ನೊಂದು ಪದವಾಗಿ ಬಿಡಿಸಿಕೊಳ್ಳುತ್ತಿತ್ತು. 2022ರ 15ನೆಯ ಆವೃತ್ತಿಯಿಂದ ಅದನ್ನು ನಿಲ್ಲಿಸಿ, ಸಂಖ್ಯೆಯ ಬೆನ್ನಿಗೆ ಕಸ ಅಂಟಿದೆ ಎಂಬರ್ಥದ ಮಾತು ಹೇಳುತ್ತದೆ. ತಮ್ಮನ ಪಾಲಿನ 'ಅ' ಅಕ್ಷರವನ್ನು ಕಸವೆಂದದ್ದು ಕಿವಿಗೆ ಅಷ್ಟು ಹಿತವಲ್ಲ. ಆದರೆ ಬೆರಳು ಮಾತ್ರ ಸರಿಯಾದ ಜಾಗವನ್ನೇ ತೋರಿಸುತ್ತದೆ.