ಚಿಂಚೋಳಿಯ ಒಣಕಾಡು ನಮಗೆ ಹೇಳುವ ಮಾತು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಲಬುರಗಿಯ ಹೆಸರೆತ್ತಿದೊಡನೆ ಮಲೆನಾಡಿಗರಾದ ನಮ್ಮ ಮನಸ್ಸಿನಲ್ಲಿ ಮೂಡುವುದು ಬಿರುಬಿಸಿಲು, ಎರೆಭೂಮಿ ಮತ್ತು ತೊಗರಿಯ ಹೊಲ. ಈ ಚಿತ್ರ ಸುಳ್ಳಲ್ಲ, ಆದರೆ ಅಪೂರ್ಣ. ಕೃಷಿ ಸಂಬಂಧವಾದ ಕೆಲಸಕ್ಕೆಂದು ಕಲಬುರಗಿ ನಗರಕ್ಕೆ ಹೋದವನು ಅಲ್ಲಿಂದ ಕಮಲಾಪುರಕ್ಕೂ ಚಿಂಚೋಳಿಗೂ ಹೋಗಿ ಬಂದೆ. ಮುಲ್ಲಾಮಾರಿ ನದಿಯ ದಂಡೆಯಲ್ಲಿರುವ ಚಿಂಚೋಳಿ ಒಂದು ಸಣ್ಣ ಊರು. ಅದರ ಬೆನ್ನಿಗೆ ಕಾಡಿದೆ. ಅಲ್ಲಿ ಕಂಡದ್ದನ್ನು ನಮ್ಮ ಊರುಗಳ ಸ್ಥಿತಿಯೊಡನೆ ಹೋಲಿಸಿ ನೋಡುವುದು ಇಂದಿನ ಮಾತಿನ ಉದ್ದೇಶ.

ಮೊದಲು ಕಮಲಾಪುರ. ನಗರದಿಂದ ಹುಮನಾಬಾದಿನ ದಾರಿಯಲ್ಲಿ ಸುಮಾರು 35 ಕಿಲೋಮೀಟರು ದೂರದಲ್ಲಿದ್ದು, ಈಗ ತಾಲ್ಲೂಕು ಕೇಂದ್ರವಾಗಿದೆ. ಇಲ್ಲಿನ ಗುಡ್ಡಗಳ ಇಳಿಜಾರಿನ ಕಣಿವೆಯಲ್ಲಿ ಬೆಳೆಯುವ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಈ ಬಾಳೆ ಗೊನೆ ಕೊಡಲು ಸುಮಾರು ಒಂದೂವರೆ ವರ್ಷ ಹಿಡಿಯುತ್ತದೆ. ಎಂದರೆ ಕಲಬುರಗಿಯ ಬೇಸಿಗೆಯೊಂದನ್ನು ಅದು ಹಸಿರಾಗಿಯೇ ದಾಟಲೇಬೇಕು. ವರ್ಷಕ್ಕೆ 750ರಿಂದ 800 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ, ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಸೀಮೆಯಲ್ಲಿ ಬಾಳೆಯ ತೋಟವೊಂದು ನಿಂತಿದೆಯೆಂದರೆ, ಆ ಕಣಿವೆಯ ನೆಲದಡಿಯಲ್ಲಿ ನೀರು ಉಳಿದಿದೆ ಎಂದೇ ಅರ್ಥ.

ನೀರು ಉಳಿಯುವ ಬಗೆಯನ್ನು ಅರಿಯಲು ಪಕ್ಕದ ಬೀದರಿನ ನೆಲವನ್ನು ನೋಡಬೇಕು. ಅಲ್ಲಿ ಕಪ್ಪು ಬಸಾಲ್ಟ್ ಬಂಡೆಯ ಮೇಲೆ ಟೋಪಿಯಂತೆ ಕೆಂಪು ಜಂಬಿಟ್ಟಿಗೆಯ ಪದರವಿದೆ. ರಂಧ್ರಮಯವಾದ ಜಂಬಿಟ್ಟಿಗೆ ಮಳೆನೀರನ್ನು ಒಳಗೆಳೆದುಕೊಳ್ಳುತ್ತದೆ. ಕೆಳಗಿನ ಜೇಡಿ ಮತ್ತು ಬಂಡೆ ಅದನ್ನು ತಡೆಯುತ್ತವೆ. ಎರಡೂ ಕೂಡುವಲ್ಲಿ ಝರಿ ಹೊರಡುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿನಲ್ಲಿ ತೋಡಿದ ಕರೇಜ್ ಎಂಬ ಸುರಂಗ ಕಾಲುವೆಗಳು ಈ ನೀರನ್ನೇ ಹಿಡಿದವು. ಕಾಸರಗೋಡಿನ ಕಡೆ ಜಂಬಿಟ್ಟಿಗೆಯ ಗುಡ್ಡಕ್ಕೆ ತೋಡುವ ಸುರಂಗಗಳನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಸೀಮೆ ಬೇರೆಯಾದರೂ ನೆಲದ ನಡತೆ ಒಂದೇ.

ಆದರೆ ಜಂಬಿಟ್ಟಿಗೆಯ ಮೇಲೆ ಮಣ್ಣು ಬೇಕು, ಮಣ್ಣಿನ ಮೇಲೆ ಹೊದಿಕೆ ಬೇಕು. ಬೋಳಾದ ನೆಲ ಮಳೆಯ ಹೊಡೆತಕ್ಕೆ ಗಡುಸಾಗುತ್ತದೆ, ನೀರು ಮೇಲೆಯೇ ಹರಿದುಹೋಗುತ್ತದೆ. ಇಲ್ಲಿ ಚಿಂಚೋಳಿಯ ಕಾಡಿನ ಮಹತ್ವ ತಿಳಿಯುತ್ತದೆ. 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಈ ಕಾಡಿನ ವಿಸ್ತೀರ್ಣ ಸುಮಾರು 134 ಚದರ ಕಿಲೋಮೀಟರು. ತೋಳ, ಕತ್ತೆಕಿರುಬ, ಕೃಷ್ಣಮೃಗಗಳ ನೆಲೆ. ಶ್ರೀಗಂಧ, ರಕ್ತಚಂದನಗಳೂ ಇವೆ. ಚಂದ್ರಂಪಳ್ಳಿ ಜಲಾಶಯವೂ ಇದರ ಮಡಿಲಲ್ಲಿದೆ. ಬೇಸಿಗೆಯಲ್ಲಿ ಮರಗಳು ಎಲೆಯುದುರಿಸಿ ನಿಂತಾಗ, ನಿತ್ಯಹಸುರಿನ ಕಾನು ಕಂಡ ನಮ್ಮ ಕಣ್ಣಿಗೆ ಇದು ಸತ್ತ ಕಾಡೆಂದೇ ತೋರೀತು. ವಾಸ್ತವ ಹಾಗಿಲ್ಲ. ಎಲೆ ಉದುರಿಸಿದ ಮರ ನೆಲದಿಂದ ನೀರೆಳೆಯುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಉದುರಿದ ಎಲೆ ನೆಲಕ್ಕೆ ಹೊದಿಕೆಯಾಗಿ ಮುಂಗಾರಿನ ಮೊದಲ ಹೊಡೆತವನ್ನು ತಾಳುತ್ತದೆ. ಇಂತಹ ಕಾಡನ್ನು ಬಂಜರೆಂದು ಕರೆದು, ವರ್ಷವಿಡೀ ನೀರು ಹೀರುವ ನೀಲಗಿರಿಯನ್ನೋ ಅಕೇಶಿಯಾವನ್ನೋ ತಂದು ನೆಟ್ಟರೆ, ಹಸಿರು ಹೆಚ್ಚೀತು, ಒರತೆ ಕಡಿಮೆಯಾದೀತು.

ಉತ್ತರ ಸ್ವೀಡನ್ನಿನಲ್ಲಿ ವಿಂಡೆಲ್ನ್ ಎಂಬ ಊರಿದೆ. ಚಿಂಚೋಳಿಯಂತೆ ಅದೂ ನದಿಯ ದಂಡೆಯ, ಕಾಡಿನ ನಡುವಣ ಸಣ್ಣ ಊರು. ಅದರ ಬಳಿಯ ಅರಣ್ಯ ಸಂಶೋಧನಾ ಕೇಂದ್ರದಲ್ಲಿ 1980ರ ದಶಕದಿಂದಲೂ ಕಾಡಿನ ಹಳ್ಳಗಳ ನೀರನ್ನು ಅಳೆಯುತ್ತಿದ್ದಾರೆ. ಅಲ್ಲಿ ಬೀಳುವ ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಾತ್ರ, ಕಲಬುರಗಿಗಿಂತ ಕಡಿಮೆ! ಆದರೂ ಅಲ್ಲಿನ ನದಿ ತುಂಬಿ ಹರಿಯುತ್ತದೆ. ಚಳಿಯಿಂದಾಗಿ ಆವಿಯಾಗುವುದು ಕಡಿಮೆ. ಹಿಮ ತಿಂಗಳುಗಟ್ಟಲೆ ನೀರನ್ನು ಹಿಡಿದಿಟ್ಟು ವಸಂತದಲ್ಲಿ ಬಿಡುತ್ತದೆ. ಅವರಿಗೆ ಹಿಮ ಮಾಡುವ ಕೆಲಸವನ್ನು ನಮಗೆ ಕಾಡಿನ ಮಣ್ಣು ಮಾಡಬೇಕು. ನಮಗೆ ಬೇರೆ ಉಗ್ರಾಣವಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆಂದು ನಾವು ಹೆಮ್ಮೆಪಡುತ್ತೇವೆ. ಆದರೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಮರುಬೇಸಿಗೆಯಲ್ಲಿ ಅಡಿಕೆ ತೋಟಗಳು ಒಣಗಿದ್ದನ್ನು ನೀವೆಲ್ಲ ಕಂಡಿದ್ದೀರಿ. ಅಂದಮೇಲೆ ಬಿದ್ದ ಮಳೆಯ ಲೆಕ್ಕ ಮಾತ್ರ ಸಾಲದು. ಅದು ನೆಲದಲ್ಲಿ ಎಷ್ಟು ತಿಂಗಳು ನಿಂತಿತು ಎಂಬ ಲೆಕ್ಕವೂ ಬೇಕು. ಸೊಪ್ಪಿನ ಬೆಟ್ಟದ ದರಕನ್ನು ನೆಲ ಕಾಣುವಂತೆ ಗುಡಿಸಿ ತರುವಾಗ, ಗುಡ್ಡದ ನೆತ್ತಿ ಕಡಿದು ಸಮತಟ್ಟು ಮಾಡುವಾಗ, ಕೆಳಗಿನ ಒರತೆಯ ಆಯುಸ್ಸು ಕಡಿಮೆಯಾಗುತ್ತಿರುತ್ತದೆ.

ಇನ್ನೊಂದು ಮಾತು. ಚಿಂಚೋಳಿಯ ಕಾಡಿನ ಒಳಗೂ ಅಂಚಿನಲ್ಲೂ ಲಂಬಾಣಿ ತಾಂಡಾಗಳಿವೆ. ಕೂಲಿಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವ ಕುಟುಂಬಗಳು ಅಲ್ಲಿವೆ. ಕಾಡು ಉಳಿಯಬೇಕಾದರೆ ಇವರು ಹೊರಹೋಗಬೇಕೆಂದು ವಾದಿಸುವವರಿದ್ದಾರೆ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವುದರಿಂದ, 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಅವರು ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ಇದೇ ನಿಯಮ ನಮ್ಮ ಮಲೆನಾಡಿನ ಎಷ್ಟೋ ಬಡ ಸಾಗುವಳಿದಾರರನ್ನೂ ಕಾಡುತ್ತಿದೆ. ಆದ್ದರಿಂದ ತಾಂಡಾದವರ ಪ್ರಶ್ನೆ ದೂರದವರ ಪ್ರಶ್ನೆಯಲ್ಲ. ವಿಂಡೆಲ್ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆಯನ್ನು ಜನರ ಹೋರಾಟದ ಫಲವಾಗಿ 1970ರಲ್ಲಿ ಅಲ್ಲಿನ ಸರಕಾರ ಕೈಬಿಟ್ಟಿತು. 2019ರಲ್ಲಿ ಆ ಕಣಿವೆಯನ್ನು ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶವೆಂದು ಮಾನ್ಯ ಮಾಡಿದಾಗ, ಹಿಮಸಾರಂಗ ಸಾಕುವ ಸಾಮಿ ಜನರ ವಲಸೆಯ ದಾರಿಯನ್ನು ಸೂಚಿಸುವ ಅವರ ನುಡಿಯ ಪದವನ್ನೂ ಆ ಹೆಸರಿನಲ್ಲಿ ಸೇರಿಸಲಾಯಿತು. ಹೆಸರಿನಿಂದಲೇ ನ್ಯಾಯ ಸಿಕ್ಕಿತೆಂದು ನಾನು ಹೇಳಲಾರೆ. ಕಾಡಿನ ಕಥೆಯಲ್ಲಿ ಅಲ್ಲಿಯ ಜನರಿಗೂ ಸ್ಥಾನವಿದೆಯೆಂದು ಒಪ್ಪಿಕೊಂಡಂತಾಯಿತು. ಕಾಡಂಚಿನ ಜನರು ತಮ್ಮದೆಂದು ಕಾಯದ ಕಾಡನ್ನು ಬೇಲಿಯೊಂದೇ ಕಾಯಲಾರದು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಒಂದು ಒರತೆಯನ್ನೋ ಅಬ್ಬಿಯನ್ನೋ ಆರಿಸಿಕೊಳ್ಳಿರಿ. ಜನವರಿಯಿಂದ ಮೇ ತಿಂಗಳವರೆಗೆ ಪ್ರತಿ ಭಾನುವಾರ ಅದರ ಕೆಳಗೆ ಕೊಡವನ್ನಿಟ್ಟು, ತುಂಬಲು ಎಷ್ಟು ಸಮಯ ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಡಿರಿ. ಮೇಲಿನ ಗುಡ್ಡದಲ್ಲಿ ಆ ವರ್ಷ ಏನೇನು ನಡೆಯಿತೆಂಬುದನ್ನು ಪಕ್ಕದಲ್ಲಿ ಗುರುತಿಸಿರಿ. ಹಿರಿಯರು ದರಕು ತರುವಾಗ ಬೆಟ್ಟದ ಮೂರರಲ್ಲೊಂದು ಪಾಲನ್ನಾದರೂ ಸರದಿಯಂತೆ ಬಿಟ್ಟುಕೊಡಲಿ. ಐದು ವರ್ಷಗಳ ಲೆಕ್ಕ ಕೈಯಲ್ಲಿದ್ದರೆ, ಗ್ರಾಮಸಭೆಯಲ್ಲಿ ಗುಡ್ಡ ಕಡಿಯುವ ಮಾತು ಬಂದಾಗ ನಾವು ಬರಿಗೈಯಲ್ಲಿ ನಿಲ್ಲಬೇಕಾಗುವುದಿಲ್ಲ.