ವಿದೇಶಕ್ಕೆ ಮೋಟಾರ್ ಸೈಕಲ್ ಮಾರುವ ಮುನ್ನ



ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಯೆಜ್ಡಿಯನ್ನು ಜತನದಿಂದ ಕಾಪಾಡಿಕೊಂಡವರು ಇಂದಿಗೂ ಇದ್ದಾರೆ. ಅಂಥವರು ಅಂತರ್ಜಾಲದಲ್ಲಿ ಮಾರಾಟದ ಜಾಹೀರಾತು ನೀಡಿದಾಗ ಪರದೇಶದಿಂದಲೂ ಬೇಡಿಕೆ ಬರಬಹುದು. ಆಗ ವಿಶೇಷ ಎಚ್ಚರಿಕೆ ಅವಶ್ಯ.

ವಂಚಕನು ವಾಹನವನ್ನು ಪರೀಕ್ಷಿಸುವುದಿಲ್ಲ, ಚೌಕಾಸಿಯನ್ನೂ ಮಾಡುವುದಿಲ್ಲ. ಬೆಲೆಗಿಂತ ಅಧಿಕ ಮೊತ್ತದ ಚೆಕ್ಕನ್ನು ಕಳುಹಿಸಿ, ಹೆಚ್ಚುವರಿ ಹಣವನ್ನು ಹಡಗು ಸಾಗಣೆಯ ಏಜೆಂಟನಿಗೆ ಕೂಡಲೇ ಪಾವತಿ ಮಾಡಬೇಕೆಂದು ಕೋರುತ್ತಾನೆ. ಚೆಕ್ಕನ್ನು ಬ್ಯಾಂಕಿಗೆ ಕೊಟ್ಟ ಮಾತ್ರಕ್ಕೆ ಹಣ ಕೈಸೇರಿದಂತಲ್ಲ. ವಿದೇಶೀ ಚೆಕ್ಕು ಇತ್ಯರ್ಥವಾಗಲು ವಾರಗಳೇ ಹಿಡಿಯಬಹುದು. ಅದು ತಿರಸ್ಕೃತವಾಗಿ ಬಂದಾಗ, ಏಜೆಂಟನಿಗೆ ಸಂದದ್ದು ನಿಮ್ಮದೇ ದುಡಿಮೆಯ ಹಣವೆಂದು ತಿಳಿಯುತ್ತದೆ.

ಮಾರುವವನು ಹಣ ಪಡೆಯತಕ್ಕವನೇ ಹೊರತು ಕೊಡತಕ್ಕವನಲ್ಲ. ಯುಪಿಐ ಮೂಲಕ ಹಣ ಪಡೆಯಲು ಗುಪ್ತಸಂಖ್ಯೆಯನ್ನು ಒತ್ತಬೇಕಾಗಿಲ್ಲ ಎಂಬುದೂ ನೆನಪಿರಲಿ.

ಕೊಳ್ಳುವವನು ಪ್ರಾಮಾಣಿಕನಾಗಿದ್ದರೂ ನೋಂದಣಿಯ ವಿಷಯದಲ್ಲಿ ಉದಾಸೀನ ಸಲ್ಲದು. ವಾಹನ ಕೈಬಿಟ್ಟ ಮೇಲೂ ನೋಂದಣಿಯಲ್ಲಿ ನಿಮ್ಮ ಹೆಸರೇ ಉಳಿದಿದ್ದರೆ ಅಪಘಾತದ ಪರಿಹಾರದ ಹೊಣೆ ನಿಮ್ಮದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಕಾಗದಪತ್ರಗಳನ್ನು ಪೂರೈಸಿಯೇ ವಾಹನವನ್ನು ಒಪ್ಪಿಸಿರಿ.

ಮೋಸಹೋದಲ್ಲಿ ಸಂಕೋಚಪಡದೆ, ತಡಮಾಡದೆ 1930 ಸಂಖ್ಯೆಗೆ ದೂರವಾಣಿ ಮಾಡಿರಿ. ದೂರು ಬೇಗ ತಲುಪಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.